ಮನೆಯ ನಲ್ಲಿ: ರಿಪೇರಿ ಮತ್ತು ಬದಲಿ ಜೋಡಣೆ

ಕೊಳವೆಯಲ್ಲಿ ಒತ್ತಡದಿಂದ ನಿಂತಿರುವ ನೀರನ್ನು ಬೇಕಾದಾಗ ಬಿಟ್ಟು, ಬೇಡವಾದಾಗ ತಡೆಯುವ ಸಾಧನ ನಲ್ಲಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ನಳ, ಇನ್ನು ಹಲವು ಕಡೆ ಕೊಳಾಯಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಟ್ಯಾಪ್ ಅಥವಾ ಕಾಕ್. ದಿನಕ್ಕೆ ಹತ್ತಾರು ಸಲ ತಿರುಗುವ, ಸದಾ ಒದ್ದೆಯಲ್ಲೇ ಇರುವ ಈ ಸಾಧನದಲ್ಲಿ ಸವೆಯುವ ಭಾಗಗಳು ಬಹಳ ಕಡಿಮೆ: ಒಂದು ರಬ್ಬರ್ ಬಿಲ್ಲೆ, ಒಂದೆರಡು ರಬ್ಬರ್ ಉಂಗುರ, ಇಲ್ಲವೆ ಹೆಬ್ಬೆರಳು ಗಾತ್ರದ ಒಂದು ಕಾರ್ಟ್ರಿಜ್. ಉಳಿದ ಹಿತ್ತಾಳೆಯ ಮೈ ದಶಕಗಳ ಕಾಲ ಬಾಳುತ್ತದೆ. ಹೀಗಿದ್ದೂ, ಸೋರಿದೊಡನೆ ನಲ್ಲಿಯನ್ನೇ ಕಿತ್ತು ಹೊಸದು ಹಾಕಿಸುವುದು ಈಗ ರೂಢಿಯಾಗಿಬಿಟ್ಟಿದೆ. ನೀರು ನಿಜವಾಗಿ ಎಲ್ಲಿಂದ ಬರುತ್ತಿದೆ ಎಂದು ಒಂದು ಗಳಿಗೆ ನಿಂತು ನೋಡಿದರೆ ಹೆಚ್ಚಿನ ನಲ್ಲಿಗಳು ಗೋಡೆಯಲ್ಲಿದ್ದ ಹಾಗೆಯೇ ಸರಿಹೋಗುತ್ತವೆ. ಬದಲಿಸಲೇಬೇಕಾದ ಸಂದರ್ಭಗಳೂ ಉಂಟು. ಅವು ಯಾವುವು ಎಂಬುದನ್ನೂ ಅದೇ ನೋಟ ತಿಳಿಸುತ್ತದೆ.

ಪ್ರಾಚೀನ ರೋಮನ್ನರು ಸೀಸದ ಕೊಳವೆಗಳಿಗೆ ಕಂಚಿನ ನಲ್ಲಿ ಹಾಕುತ್ತಿದ್ದರು. ಅದರೊಳಗೆ ಅಡ್ಡ ತೂತು ಕೊರೆದ ಬಿರಡೆ ಇರುತ್ತಿತ್ತು. ತೂತು ಕೊಳವೆಯ ನೇರಕ್ಕೆ ಬಂದರೆ ನೀರು ಹರಿಯುತ್ತದೆ, ಕಾಲು ಸುತ್ತು ತಿರುಗಿಸಿದರೆ ನಿಲ್ಲುತ್ತದೆ. ಲೋಹಕ್ಕೆ ಲೋಹ ಉಜ್ಜಿ ಸವೆಯುವುದು, ಥಟ್ಟನೆ ಮುಚ್ಚಿದಾಗ ಕೊಳವೆಗೆ ನೀರಿನ ಏಟು ಬೀಳುವುದು ಅದರ ದೋಷಗಳು. ಹತ್ತೊಂಬತ್ತನೇ ಶತಮಾನದಲ್ಲಿ ನಗರಗಳಿಗೆ ಒತ್ತಡದ ನೀರು ಬರತೊಡಗಿದಾಗ ಈ ದೋಷಗಳು ಸಹಿಸಲಾಗದಷ್ಟಾದವು. ಇಂಗ್ಲೆಂಡಿನ ರಾಧರ್‌ಹ್ಯಾಮ್‌ನ ಗೆಸ್ಟ್ ಅಂಡ್ ಕ್ರೈಮ್ಸ್ ಹಿತ್ತಾಳೆ ಕಾರ್ಖಾನೆಯಿಂದ 1845ರಲ್ಲಿ ಬಂದ ತಿರುಪಿನ ನಲ್ಲಿ ಅದಕ್ಕೆ ಉತ್ತರವಾಯಿತು. ಇಂದಿಗೂ ನಮ್ಮ ಹಿತ್ತಲಲ್ಲಿ, ಬಚ್ಚಲಲ್ಲಿ ಇರುವ ಸಾದಾ ನಲ್ಲಿ ಆ ಮಾದರಿಯದೇ. ಬಿಸಿನೀರು ತಣ್ಣೀರುಗಳನ್ನು ಒಂದೇ ಹಿಡಿಯಿಂದ ಬೆರೆಸುವ ನಲ್ಲಿಯ ಕಲ್ಪನೆ ಅಮೆರಿಕದ ಆಲ್ ಮೋಯೆನ್‌ಗೆ 1937ರಲ್ಲಿ ಬಂತು. ಎರಡು ಹಿಡಿಯ ನಲ್ಲಿಯಲ್ಲಿ ಮುಖ ತೊಳೆಯಹೋಗಿ ಬಿಸಿನೀರು ಚುರ್ರೆನಿಸಿದ್ದೇ ಅದಕ್ಕೆ ಪ್ರೇರಣೆ. ಅದು ಮಾರುಕಟ್ಟೆಗೆ ಬರಲು 1947ರವರೆಗೆ ಕಾಯಬೇಕಾಯಿತು. ಪಿಂಗಾಣಿ ಬಿಲ್ಲೆಗಳ ನಲ್ಲಿ ಬಳಕೆಗೆ ಬಂದದ್ದು ಆಮೇಲಿನ ದಶಕಗಳಲ್ಲಿ.

ಬೆಂಗಳೂರಿಗೆ ಹೆಸರಘಟ್ಟ ಕೆರೆಯಿಂದ ಕೊಳವೆ ನೀರು ಹರಿದದ್ದು 1894ರಲ್ಲಿ, ತಿಪ್ಪಗೊಂಡನಹಳ್ಳಿಯಿಂದ 1933ರಲ್ಲಿ, ಕಾವೇರಿಯಿಂದ 1974ರಲ್ಲಿ. ಬಹುಕಾಲ ಹೆಚ್ಚಿನವರಿಗೆ ನಲ್ಲಿ ಎಂದರೆ ಬೀದಿ ನಲ್ಲಿಯೇ ಆಗಿತ್ತು. ಹಳ್ಳಿಗಳಲ್ಲಿ ತೊಂಬೆ ನಲ್ಲಿಯಿಂದ ಅಂಗಳದ ನಲ್ಲಿಗೆ ಆದ ಬದಲಾವಣೆ ಇನ್ನೂ ಈಚಿನದು. 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ, ಮೊದಲ ಬಾರಿಗೆ ಲಕ್ಷಾಂತರ ಗ್ರಾಮೀಣ ಮನೆಗಳಿಗೆ ಸ್ವಂತ ನಲ್ಲಿ ತಂದಿತು. ನಲ್ಲಿಯನ್ನು ಸರಿಪಡಿಸುವ ತಿಳಿವಳಿಕೆ ಅಷ್ಟು ವೇಗವಾಗಿ ಅಲ್ಲಿಗೆ ಹೋಗಿಲ್ಲ.

ಒಳರಚನೆ

ತಿರುಪಿನ ನಲ್ಲಿಯಲ್ಲಿ ಹಿಡಿ ತಿರುಗಿಸಿದರೆ ಥ್ರೆಡ್ ಇರುವ ಸ್ಪಿಂಡಲ್ ಕೆಳಗಿಳಿಯುತ್ತದೆ. ಅದರ ತುದಿಯಲ್ಲಿ ಜಂಪರ್ ಎಂಬ ಹಿತ್ತಾಳೆಯ ಅಣಬೆಯಾಕಾರದ ತುಂಡು, ಅದಕ್ಕೆ ಕೂರಿಸಿದ ರಬ್ಬರ್ ವಾಷರ್. ನಲ್ಲಿಯ ಮೈಯೊಳಗೆ ನೀರು ಮೇಲೇರುವ ತೂತಿನ ಅಂಚಿಗೆ ಸೀಟ್ ಎನ್ನುತ್ತಾರೆ. ವಾಷರ್ ಸೀಟಿನ ಮೇಲೆ ಒತ್ತಿಕೊಂಡರೆ ನೀರು ನಿಂತಿತು. ಸ್ಪಿಂಡಲಿನ ಪಕ್ಕದಿಂದ ನೀರು ಮೇಲೆ ಬಾರದಂತೆ ಗ್ರೀಸ್ ಹಚ್ಚಿದ ನೂಲನ್ನೋ ರಬ್ಬರ್ ಉಂಗುರವನ್ನೋ ಸುತ್ತಿ, ಮೇಲೆ ಗ್ಲ್ಯಾಂಡ್ ನಟ್ ಬಿಗಿದಿರುತ್ತದೆ. ಗೋಡೆಯಿಂದ ಚಾಚಿದ ನಲ್ಲಿ ಬಿಬ್ ಕಾಕ್, ವಾಷ್ ಬೇಸಿನ್ ಮೇಲೆ ನಿಂತದ್ದು ಪಿಲ್ಲರ್ ಕಾಕ್, ಗೋಡೆಯ ಕೊಳವೆಗೂ ಬೇಸಿನ್ ಅಥವಾ ಗೀಸರ್‌ಗೂ ನಡುವೆ ಇರುವುದು ಆಂಗಲ್ ಕಾಕ್. ಹೆಸರು ಬೇರೆಯಾದರೂ ಒಡಲು ಒಂದೇ.

ಈಚಿನ ಕ್ವಾರ್ಟರ್ ಟರ್ನ್ ನಲ್ಲಿಗಳಲ್ಲಿ ವಾಷರ್ ಬದಲು ಪಿಂಗಾಣಿ ಕಾರ್ಟ್ರಿಜ್ ಇರುತ್ತದೆ. ಬೀಸುಕಲ್ಲಿನ ಹಾಗೆ ಒಂದರ ಮೇಲೊಂದು ಕೂತ ಎರಡು ಬಿಲ್ಲೆಗಳು. ಕೆಳಗಿನದು ಅಲುಗಾಡದು, ಮೇಲಿನದು ಹಿಡಿಯ ಜೊತೆ ತಿರುಗುತ್ತದೆ. ಎರಡರ ತೂತುಗಳು ಎದುರುಬದುರಾದಾಗ ನೀರು ಬರುತ್ತದೆ. ಅಲ್ಯೂಮಿನಾದಿಂದ ಮಾಡಿ ಕನ್ನಡಿಯಷ್ಟು ನುಣುಪಾಗಿ ಉಜ್ಜಿದ ಈ ಬಿಲ್ಲೆಗಳು ಬಹಳ ಗಟ್ಟಿ. ಬಿಗಿಯಾಗಿ ತಿರುಗಿಸಬೇಕಾದ ಅಗತ್ಯವೇ ಇಲ್ಲ. ಮಕ್ಕಳಿಗೂ, ಕೈಗಂಟು ನೋವಿರುವ ಹಿರಿಯರಿಗೂ ಇದೇ ಅನುಕೂಲ. ಸಿಂಗಲ್ ಲಿವರ್ ಮಿಕ್ಸರಿನ ಕಾರ್ಟ್ರಿಜ್ ತುಸು ದೊಡ್ಡದು, ಸಾಮಾನ್ಯವಾಗಿ 35 ಅಥವಾ 40 ಮಿ.ಮೀ. ಅಗಲ. ಅದರ ಮೇಲಿನ ಬಿಲ್ಲೆ ತಿರುಗುವುದಷ್ಟೇ ಅಲ್ಲದೆ ಹಿಂದೆ ಮುಂದೆ ಜಾರುತ್ತದೆ: ಜಾರಿದಾಗ ನೀರಿನ ಪ್ರಮಾಣ, ತಿರುಗಿದಾಗ ಬಿಸಿ-ತಣ್ಣನೆಯ ಹದ ಬದಲಾಗುತ್ತದೆ.

ಸೋರುವ ಜಾಗ, ಸೋರುವ ಕಾರಣ

ಮುಚ್ಚಿದ ಮೇಲೂ ನಲ್ಲಿಯ ಬಾಯಿಂದ ಹನಿ ಬೀಳುತ್ತಿದ್ದರೆ ದೋಷ ವಾಷರ್, ಸೀಟ್ ಅಥವಾ ಕಾರ್ಟ್ರಿಜ್‌ನದು. ಉದ್ದ ಕತ್ತಿನ ಸಿಂಕ್ ನಲ್ಲಿಯಲ್ಲೂ ಶವರಿನಲ್ಲೂ ಮುಚ್ಚಿದ ನಂತರ ಕೆಲ ನಿಮಿಷ ಹನಿಯುವುದು ಮಾತ್ರ ಒಳಗೆ ಉಳಿದ ನೀರು, ಅದು ದೋಷವಲ್ಲ. ಮುಚ್ಚಿದಾಗ ಸುಮ್ಮನಿದ್ದು, ತೆರೆದಾಗ ಮಾತ್ರ ಹಿಡಿಯ ಬುಡದಲ್ಲಿ ನೀರು ಜಿನುಗಿದರೆ ಗ್ಲ್ಯಾಂಡ್ ಸಡಿಲವಾಗಿದೆ ಅಥವಾ ಸ್ಪಿಂಡಲಿನ ಉಂಗುರ ಸವೆದಿದೆ. ಹೆಚ್ಚಿನ ಸಲ ಗ್ಲ್ಯಾಂಡ್ ನಟ್‌ಗೆ ಕಾಲು ಸುತ್ತು ಬಿಗಿ ಕೊಟ್ಟರೆ ಸಾಕು. ಅತ್ತಿತ್ತ ತಿರುಗುವ ಕತ್ತಿನ ಬುಡದಲ್ಲಿ ಸೋರಿದರೆ ಅಲ್ಲಿನ ರಬ್ಬರ್ ಉಂಗುರ ಹೋಗಿದೆ. ತೆರೆದೊಡನೆ ಗಡಗಡ ಸದ್ದು ಬರುವುದು ಸಡಿಲಗೊಂಡ ವಾಷರ್ ನೀರಿನ ರಭಸಕ್ಕೆ ಕುಣಿಯುವುದರಿಂದ. ನೀರು ಸಣ್ಣಗಾಗಿದ್ದರೆ ನಲ್ಲಿಯ ಬಾಯಲ್ಲಿರುವ ಜಾಲರಿ, ಅಂದರೆ ಏರೇಟರ್, ಕಟ್ಟಿಕೊಂಡಿರುತ್ತದೆ. ಅದನ್ನು ಬಿಚ್ಚಿ ನೋಡದೆ ಪ್ಲಂಬರನ್ನು ಕರೆಯಲೇಬಾರದು.

ಇವೆಲ್ಲ ನಲ್ಲಿ ಬದಲಿಸದೆ ಸರಿಹೋಗುವಂಥವು. ಗೋಡೆಗೆ ಸೇರುವಲ್ಲಿ, ಸಂದು ಮುಚ್ಚುವ ಲೋಹದ ಬಿಲ್ಲೆಯಾದ ಫ್ಲ್ಯಾಂಜಿನ ಹಿಂದಿನಿಂದ ನೀರು ಇಳಿಯುತ್ತಿದ್ದರೆ ಮಾತ್ರ ಅದು ಗಂಭೀರ. ಥ್ರೆಡ್ಡಿಗೆ ಸುತ್ತಿದ ಟೇಪ್ ಸಡಿಲಾಗಿರಬಹುದು, ನಲ್ಲಿ ಕೂರುವ ಗೋಡೆಯೊಳಗಿನ ತಿರುವಿನ ತುಂಡು, ಅಂದರೆ ಎಲ್ಬೋ, ಬಿರುಕು ಬಿಟ್ಟಿರಬಹುದು. ನೀರು ಹೊರಗೆ ಕಾಣದೆ ಗೋಡೆಯೊಳಗೇ ಇಳಿದು ಪಕ್ಕದ ಕೋಣೆಯಲ್ಲೋ ಕೆಳಮನೆಯ ಚಾವಣಿಯಲ್ಲೋ ತೇವ ಮೂಡಿಸುತ್ತದೆ. ಇಂಥಲ್ಲಿ ನಲ್ಲಿಯನ್ನು ಬಿಚ್ಚಿ ನೋಡಲೇಬೇಕು.

ಇನ್ನೊಂದು ದೋಷ ಸೋರಿಕೆಯಾಗಿ ಕಾಣುವುದೇ ಇಲ್ಲ. ಬಿಸಿ ಮತ್ತು ತಣ್ಣೀರು ಎರಡೂ ಸೇರುವ ಮಿಕ್ಸರಿನಲ್ಲಿ ಎರಡು ಹಿಡಿಗಳನ್ನು ತೆರೆದಿಟ್ಟು ಮುಂದಿನ ಬಾಯನ್ನು ಮಾತ್ರ ಮುಚ್ಚಿದರೆ, ಅಥವಾ ಕಾರ್ಟ್ರಿಜ್ ಸವೆದಿದ್ದರೆ, ಒತ್ತಡ ಹೆಚ್ಚಿರುವ ಕಡೆಯ ನೀರು ಇನ್ನೊಂದು ಕೊಳವೆಗೆ ನುಗ್ಗುತ್ತದೆ. ಸೋಲಾರ್ ಹೀಟರ್ ಇರುವ ಮನೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬಂದರೆ, ಅಥವಾ ಬೆಳಗಾಗುವಷ್ಟರಲ್ಲಿ ಸೋಲಾರ್ ಟ್ಯಾಂಕ್ ತಣ್ಣಗಾಗಿದ್ದರೆ, ಹೀಟರನ್ನು ದೂರುವ ಮೊದಲು ಮನೆಯ ಎಲ್ಲ ಮಿಕ್ಸರುಗಳನ್ನು ಒಂದೊಂದಾಗಿ ಮುಚ್ಚಿ ನೋಡಬೇಕು. ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಸಿದರೆ ಈ ತೊಂದರೆ ನಿಲ್ಲುತ್ತದೆ.

ರಿಪೇರಿ

ಮೊದಲ ಕೆಲಸ ನೀರು ನಿಲ್ಲಿಸುವುದು. ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಎರಡು ಲೈನ್ ಇರುತ್ತವೆ: ಒಂದು ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವುದು, ಇನ್ನೊಂದು ಬೀದಿಯ ಮುಖ್ಯ ಕೊಳವೆಯಿಂದ ನೇರವಾಗಿ ಸಂಪಿಗೂ ಅಡುಗೆಮನೆಗೂ ಬರುವುದು. ತಾರಸಿಯ ವಾಲ್ವ್ ಮುಚ್ಚಿದರೆ ಎರಡನೆಯದು ನಿಲ್ಲುವುದಿಲ್ಲ. ಅದರ ವಾಲ್ವ್ ಮೀಟರಿನ ಹತ್ತಿರ ಇರುತ್ತದೆ. ಯಾವ ನಲ್ಲಿ ಯಾವ ಲೈನಿನದು, ಯಾವ ವಾಲ್ವ್ ಎಲ್ಲಿದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಬೇಕು. ರಾತ್ರಿ ಹೊತ್ತು ನಲ್ಲಿ ಮುರಿದಾಗ ಮನೆ ಉಳಿಸುವುದು ಇದೇ ತಿಳಿವಳಿಕೆ. ವರ್ಷಗಟ್ಟಲೆ ಮುಟ್ಟದ ಹಳೆಯ ಗೇಟ್ ವಾಲ್ವ್ ತುಕ್ಕು, ಕಲ್ಮಶ ಕಟ್ಟಿ ಪೂರ್ತಿ ಮುಚ್ಚುವುದಿಲ್ಲ. ಬಲ ಹಾಕಿದರೆ ಚಕ್ರ ಸುಮ್ಮನೆ ತಿರುಗುತ್ತದೆ, ಒಳಗಿನ ಬಾಗಿಲು ಅಲುಗಾಡುವುದಿಲ್ಲ. ಅಂಥದನ್ನು ತೆಗೆಸಿ ಬಾಲ್ ವಾಲ್ವ್ ಹಾಕಿಸುವುದು ಲೇಸು. ಆಂಗಲ್ ಕಾಕ್‌ಗಳನ್ನೂ ಆರು ತಿಂಗಳಿಗೊಮ್ಮೆ ಮುಚ್ಚಿ ತೆರೆಯುತ್ತಿದ್ದರೆ ಬೇಕಾದಾಗ ಕೈಕೊಡುವುದಿಲ್ಲ.

ವಾಷರ್ ಬದಲಿಸುವ ಕೆಲಸಕ್ಕೆ ಒಂದು ಸ್ಕ್ರೂಡ್ರೈವರ್, ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಹಳೆಯ ಬಟ್ಟೆಯ ತುಂಡು ಸಾಕು. ನೀರು ನಿಲ್ಲಿಸಿ, ನಲ್ಲಿ ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹೋಗಲು ಬಿಡಬೇಕು. ಸಿಂಕಿನ ತೂತಿಗೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಸಣ್ಣ ಸ್ಕ್ರೂ ಅಲ್ಲಿಗೇ ಬೀಳುತ್ತದೆ. ಹಿಡಿಯ ಮೇಲಿನ ಮುಚ್ಚಳ ಎಬ್ಬಿಸಿ, ಸ್ಕ್ರೂ ತೆಗೆದು, ಹಿಡಿಯನ್ನು ಮೇಲಕ್ಕೆ ಎಳೆಯಬೇಕು. ನಂತರ ಸ್ಪಿಂಡಲ್ ಕೂತಿರುವ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಿ, ಇನ್ನೊಂದು ಕೈಯಲ್ಲಿ ನಲ್ಲಿಯ ಮೈಯನ್ನು ಗಟ್ಟಿಯಾಗಿ ಹಿಡಿದು ಎಡಕ್ಕೆ ತಿರುಗಿಸಬೇಕು. ಈ ಎರಡನೆಯ ಕೈಯನ್ನು ಮರೆತವರು ನಲ್ಲಿಯ ಜೊತೆ ಗೋಡೆಯೊಳಗಿನ ಎಲ್ಬೋವನ್ನೂ ತಿರುಚಿ ಒಡೆಯುತ್ತಾರೆ. ಸ್ಪಿಂಡಲ್ ಹೊರಬಂದ ಮೇಲೆ ವಾಷರ್ ಕಾಣುತ್ತದೆ: ಗಟ್ಟಿಯಾಗಿ ಬಿರಿದಿರುತ್ತದೆ, ಇಲ್ಲವೆ ಸೀಟಿನ ಉಂಗುರದ ಗುರುತು ಆಳವಾಗಿ ಬಿದ್ದಿರುತ್ತದೆ. ಹಳ್ಳಿಗಳಲ್ಲಿ ಹರಿದ ಹವಾಯಿ ಚಪ್ಪಲಿಯಿಂದಲೋ ಟ್ಯೂಬಿನಿಂದಲೋ ವಾಷರ್ ಕತ್ತರಿಸಿ ಹಾಕುವುದುಂಟು. ಅದು ಕೆಲ ವಾರ ನಡೆಯುತ್ತದೆ, ಆದರೆ ಚಪ್ಪಲಿಯ ಮೆದು ರಬ್ಬರ್ ಬೇಗ ಚಪ್ಪಟೆಯಾಗುತ್ತದೆ, ಬಿಸಿನೀರಿಗಂತೂ ತಾಳದು. ಅದೇ ಅಳತೆಯ ವಾಷರ್ ಕೆಲವೇ ರೂಪಾಯಿಗೆ ಸಿಗುತ್ತದೆ.

ಹೊಸ ವಾಷರ್ ಹಾಕಿದ ಮೇಲೂ ಹನಿ ನಿಲ್ಲದಿದ್ದರೆ ಬೆರಳು ಇಳಿಸಿ ಸೀಟಿನ ಅಂಚು ಸವರಬೇಕು. ಗೀರು, ಹಳ್ಳ ತಾಕಿದರೆ ಸೀಟ್ ಕಟರಿನಿಂದ ಅದನ್ನು ಸಮ ಮಾಡಬಹುದು. ಸೋರುವ ನಲ್ಲಿಯನ್ನು ಬಲವಾಗಿ ತಿರುಗಿಸಿ ತಿರುಗಿಸಿ ಮುಚ್ಚುತ್ತಾ ಬಂದ ಮನೆಗಳಲ್ಲಿ ಸೀಟ್ ಹಾಳಾಗಿರುವುದೇ ಹೆಚ್ಚು. ವಾಷರ್ ಸವೆದು ಜಂಪರಿನ ಲೋಹ ನೇರವಾಗಿ ಸೀಟಿಗೆ ತಾಗುತ್ತಿರುತ್ತದೆ. ಒಂದು ತಿಂಗಳ ಉದಾಸೀನ ಇಡೀ ನಲ್ಲಿಗೆ ಬೆಲೆ ತೆರುವಂತೆ ಮಾಡುತ್ತದೆ.

ಕಾರ್ಟ್ರಿಜ್ ಬದಲಿಸುವ ವಿಧಾನ ಹೆಚ್ಚು ಕಡಿಮೆ ಇದೇ. ಕಷ್ಟವಿರುವುದು ಸರಿಯಾದ ತುಂಡು ಹುಡುಕುವುದರಲ್ಲಿ. ಒಂದೊಂದು ಕಂಪನಿಯ ಕಾರ್ಟ್ರಿಜ್ ಎತ್ತರ, ಥ್ರೆಡ್, ಹಿಡಿ ಕೂರುವ ಹಲ್ಲುಗಳ ಸಂಖ್ಯೆ ಬೇರೆ ಬೇರೆ. ಎಡಕ್ಕೆ ತಿರುಗಿ ತೆರೆಯುವುದು, ಬಲಕ್ಕೆ ತಿರುಗಿ ತೆರೆಯುವುದು ಎಂಬ ಭೇದವೂ ಇದೆ. ಹಳೆಯದನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿಯೇ ಕೊಳ್ಳಬೇಕು. ಎಷ್ಟೋ ಸಲ ಕಾರ್ಟ್ರಿಜ್ ಕೆಟ್ಟೇ ಇರುವುದಿಲ್ಲ, ಬಿಲ್ಲೆಗಳ ನಡುವೆ ಮರಳಿನ ಕಣ ಸಿಕ್ಕಿರುತ್ತದೆ. ತೆಗೆದು ಶುದ್ಧ ನೀರಲ್ಲಿ ಜಾಲಾಡಿ, ಕೆಳಗಿನ ರಬ್ಬರ್ ಉಂಗುರವನ್ನು ಒರೆಸಿ ಮತ್ತೆ ಕೂರಿಸಿದರೆ ಸರಿಹೋಗುವುದುಂಟು. ಸಿಂಗಲ್ ಲಿವರಿನಲ್ಲಿ ಹಿಡಿಯ ಕೆಳಗಿನ ಸಣ್ಣ ತೂತಿನಲ್ಲಿ ಅಲೆನ್ ಕೀಗೆ ಸಿಗುವ ಸ್ಕ್ರೂ ಇರುತ್ತದೆ. ಕಾರ್ಟ್ರಿಜ್ ತಳದ ಎರಡು ಮೊಳೆಗಳು ಮೈಯೊಳಗಿನ ಎರಡು ಗುಳಿಗಳಲ್ಲಿ ಕೂರಬೇಕು. ಅವು ಕೂರದೆ ಮೇಲಿನ ನಟ್ ಬಿಗಿದರೆ ಪ್ಲಾಸ್ಟಿಕ್ ಮೊಳೆ ಮುರಿಯುತ್ತದೆ.

ನೀರು ಮತ್ತು ಒತ್ತಡ

ಯಾವ ನಲ್ಲಿ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಬೆಲೆಗಿಂತ ಹೆಚ್ಚಾಗಿ ಊರಿನ ನೀರು ನಿರ್ಧರಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಯ ಕೊಳವೆಬಾವಿ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗಡಸು ನೀರಿನ ಸುಣ್ಣದ ಅಂಶ ಏರೇಟರಿನ ಜಾಲರಿಯಲ್ಲೂ ಕಾರ್ಟ್ರಿಜ್ ಒಳಗೂ ಬಿಳಿ ಪೊರೆಯಾಗಿ ಕಟ್ಟುತ್ತದೆ. ಬಿಸಿನೀರಿನ ಕಡೆ ಇನ್ನೂ ಬೇಗ. ವಿನೆಗರ್ ಅಥವಾ ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಅದು ಬಿಡುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ನಲ್ಲಿಗೆ ಸೋಕಬಾರದು. ಅದು ಕ್ರೋಮಿಯಂ, ನಿಕ್ಕಲ್ ಲೇಪವನ್ನು ತಿಂದು ಹಿತ್ತಾಳೆಗೆ ಇಳಿಯುತ್ತದೆ.

ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿನೀರು ಇದಕ್ಕೆ ತದ್ವಿರುದ್ಧ: ಮೆದು, ಹೆಚ್ಚಿನ ಕಡೆ ತುಸು ಹುಳಿ ಗುಣದ್ದು. ಅದು ಪೊರೆ ಕಟ್ಟುವುದಿಲ್ಲ, ಲೋಹವನ್ನು ಮೆಲ್ಲಗೆ ಕರಗಿಸುತ್ತದೆ. ಹಿತ್ತಾಳೆಯಲ್ಲಿರುವುದು ತಾಮ್ರ ಮತ್ತು ಸತು. ಸತು ಮೊದಲು ಕರಗಿಹೋಗಿ ಕೆಂಪಗಿನ, ರಂಧ್ರ ಬಿದ್ದ ತಾಮ್ರದ ಗೂಡು ಉಳಿಯುತ್ತದೆ. ಒಂದು ದಿನ ಕೈ ತಾಗಿದ್ದಕ್ಕೇ ನಲ್ಲಿ ಮುರಿಯುತ್ತದೆ. ಇಂಥ ನೀರಿಗೂ ಉಪ್ಪು ಗಾಳಿಗೂ ಪಿಟಿಎಂಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ನಲ್ಲಿ ಹೆಚ್ಚು ಬಾಳುತ್ತದೆ. ಅಂದ ಕಡಿಮೆ ಎಂದು ಅದನ್ನು ಕಡೆಗಣಿಸುವುದು ಸರಿಯಲ್ಲ.

ನೀರು ದಿನವಿಡೀ ಬಾರದ ಊರುಗಳಲ್ಲಿ ಇನ್ನೊಂದು ಬಗೆಯ ಸವೆತ. ಖಾಲಿ ಕೊಳವೆಗೆ ನೀರು ಬಿಟ್ಟಾಗ ಮೊದಲು ಗಾಳಿ, ಅದರ ಹಿಂದೆ ತುಕ್ಕು ಮತ್ತು ಮರಳು ನುಗ್ಗುತ್ತವೆ. ನೇರ ಲೈನಿನ ನಲ್ಲಿಗೆ ಪಿಂಗಾಣಿ ಕಾರ್ಟ್ರಿಜ್‌ಗಿಂತ ಸಾದಾ ವಾಷರಿನ ನಲ್ಲಿಯೇ ಸೂಕ್ತ; ರಬ್ಬರ್ ಸಣ್ಣ ಕಣವನ್ನು ಹೇಗೋ ಸಹಿಸಿಕೊಳ್ಳುತ್ತದೆ, ಪಿಂಗಾಣಿಗೆ ಗೀರು ಬಿದ್ದರೆ ಮುಗಿಯಿತು.

ಒತ್ತಡದ ಲೆಕ್ಕ ಸರಳ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಕೊಡುತ್ತದೆ. ತಾರಸಿಯ ಟ್ಯಾಂಕಿನ ನೀರಿನ ಮಟ್ಟ ಮೇಲಿನ ಮಹಡಿಯ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಅಲ್ಲಿ ಸಿಗುವುದು 0.3 ಕೆ.ಜಿ. ಮಾತ್ರ. ಹೋಟೆಲಿನ ಕೋಣೆಯಲ್ಲಿ ಕಂಡ ಚೆಂದದ ಸಿಂಗಲ್ ಲಿವರ್ ನಲ್ಲಿಯನ್ನು ತಂದು ಇಲ್ಲಿ ಹಾಕಿದರೆ ನೀರು ದಾರದಂತೆ ಬರುವುದು ಇದರಿಂದಲೇ. ಅಂಥ ಹಲವು ನಲ್ಲಿಗಳಿಗೆ 0.5ರಿಂದ 1 ಕೆ.ಜಿ. ಒತ್ತಡ ಬೇಕು. ಪೆಟ್ಟಿಗೆಯ ಮೇಲೆ ಬರೆದಿರುವ ಕನಿಷ್ಠ ಒತ್ತಡವನ್ನು ಓದಿ ಕೊಳ್ಳಬೇಕು, ಇಲ್ಲದಿದ್ದರೆ ಪಂಪಿಗೂ ಹಣ ಸುರಿಯಬೇಕಾಗುತ್ತದೆ.

ಬದಲಿ ಜೋಡಣೆ

ಮೈ ಬಿರಿದಿದ್ದರೆ, ಥ್ರೆಡ್ ಹೋಗಿದ್ದರೆ, ಸೀಟ್ ಕಟರಿಗೂ ಬಗ್ಗದಷ್ಟು ಹಾಳಾಗಿದ್ದರೆ, ಕಾರ್ಟ್ರಿಜ್ ಎಲ್ಲೂ ಸಿಗದಿದ್ದರೆ ನಲ್ಲಿ ಬದಲಿಸುವುದೇ ದಾರಿ. ತಾಮ್ರದ ಮಿಶ್ರಲೋಹದ ಸಾದಾ ತಿರುಪಿನ ನಲ್ಲಿಗೆ ಐಎಸ್ 781, ಅಲಂಕಾರದ ನಲ್ಲಿ ಮತ್ತು ಮಿಕ್ಸರುಗಳಿಗೆ ಐಎಸ್ 8931 ಎಂಬ ಮಾನಕಗಳಿವೆ. ಐಎಸ್‌ಐ ಗುರುತಿನ ಜೊತೆ ಈ ಸಂಖ್ಯೆಯನ್ನು ನೋಡಬೇಕು. ಅನುಭವಿಗಳು ಅಂಗೈಯಲ್ಲಿಟ್ಟು ತೂಗಿಯೂ ನೋಡುತ್ತಾರೆ. ಒಂದೇ ಗಾತ್ರದ ಎರಡು ನಲ್ಲಿಗಳಲ್ಲಿ ಹಗುರವಾದದ್ದರ ಗೋಡೆ ತೆಳು, ಇಲ್ಲವೆ ಅದರಲ್ಲಿ ಅಗ್ಗದ ಸತುವಿನ ಮಿಶ್ರಲೋಹ ಸೇರಿರುತ್ತದೆ.

ಮನೆಯ ಹೆಚ್ಚಿನ ನಲ್ಲಿಗಳು ಅರ್ಧ ಇಂಚಿನವು, ಅಂದರೆ 15 ಮಿ.ಮೀ. ಅದರ ಥ್ರೆಡ್ ಇಂಚಿಗೆ 14 ಸುತ್ತು, ಹೊರವ್ಯಾಸ ಸುಮಾರು 21 ಮಿ.ಮೀ. ಬ್ರಿಟಿಷರ ಕಾಲದಿಂದ ಬಂದ ಈ ಅಳತೆ ಬದಲಾಗದ ಕಾರಣ ಐವತ್ತು ವರ್ಷದ ಹಿಂದಿನ ಜಿಐ ಕೊಳವೆಗೂ ಇಂದಿನ ನಲ್ಲಿ ಕೂರುತ್ತದೆ. ಹಳೆಯ ನಲ್ಲಿ ತೆಗೆದ ಮೇಲೆ ಗೋಡೆಯ ಥ್ರೆಡ್ಡಿನಲ್ಲಿ ಅಂಟಿರುವ ಟೇಪಿನ ಚೂರು, ತುಕ್ಕನ್ನು ಪೂರ್ತಿ ಕೆರೆದು ತೆಗೆಯಬೇಕು. ಹಿಂದೆ ಸೆಣಬಿನ ಎಳೆ ಸುತ್ತಿ ಬಿಳಿ ಪೇಸ್ಟ್ ಹಚ್ಚುತ್ತಿದ್ದರು. ಎಳೆ ನೀರು ಕುಡಿದು ಉಬ್ಬಿ ಸಂದು ಮುಚ್ಚುತ್ತಿತ್ತು. ಈಗ ಟೆಫ್ಲಾನ್ ಟೇಪ್. ರಾಯ್ ಪ್ಲಂಕೆಟ್ 1938ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತು ಜಾರುತ್ತದೆ, ಹಾಗಾಗಿ ಥ್ರೆಡ್ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ಥ್ರೆಡ್ಡಿನ ತುದಿ ನಮ್ಮ ಕಡೆ ಇರುವಂತೆ ಹಿಡಿದು, ಪ್ರದಕ್ಷಿಣೆಯ ದಿಕ್ಕಿನಲ್ಲಿ ಎಳೆದು ಎಳೆದು ಹತ್ತು ಹನ್ನೆರಡು ಸುತ್ತು ಹಾಕಬೇಕು. ಅಪ್ರದಕ್ಷಿಣೆಯಾಗಿ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಹೊರಬರುತ್ತದೆ.

ಫ್ಲ್ಯಾಂಜನ್ನು ಮೊದಲೇ ಸೇರಿಸಿ, ಮೊದಲ ಎರಡು ಸುತ್ತನ್ನು ಕೈಯಿಂದಲೇ ಕೊಡಬೇಕು. ಕೈಗೆ ತಿರುಗದಿದ್ದರೆ ಥ್ರೆಡ್ ಓರೆಯಾಗಿ ಹಿಡಿದಿದೆ ಎಂದೇ ಅರ್ಥ. ಅಲ್ಲಿ ಪಾನಾ ಹಾಕಬಾರದು. ನಂತರ ಬಟ್ಟೆ ಸುತ್ತಿ ಬಿಗಿಯುತ್ತಾ ನಲ್ಲಿಯ ಬಾಯಿ ಕೆಳಮುಖವಾದಲ್ಲಿ ನಿಲ್ಲಿಸಬೇಕು. ಬಾಯಿ ತುಸು ದಾಟಿಹೋಯಿತೆಂದು ಹಿಂದಕ್ಕೆ ತಿರುಗಿಸಿದರೆ ಅದು ಸೋರುವುದು ಖಚಿತ. ಬಿಚ್ಚಿ, ಹೊಸ ಟೇಪ್ ಸುತ್ತಿ ಮತ್ತೆ ಹಾಕುವುದೊಂದೇ ದಾರಿ. ಸಿಪಿವಿಸಿ ಕೊಳವೆಯ ಮನೆಗಳಲ್ಲಿ ನಲ್ಲಿ ಕೂರುವ ಎಲ್ಬೋದ ಒಳಗೆ ಹಿತ್ತಾಳೆಯ ಥ್ರೆಡ್ ಇದ್ದರೂ ಸುತ್ತಲಿನದು ಪ್ಲಾಸ್ಟಿಕ್. ಟೇಪ್ ಅತಿಯಾಗಿ ಸುತ್ತಿ ಅತಿಯಾಗಿ ಬಿಗಿದರೆ ಸೀಳುತ್ತದೆ, ಆಮೇಲೆ ಟೈಲ್ಸ್ ಒಡೆಯದೆ ಗತಿಯಿಲ್ಲ. ಟೈಲ್ಸ್ ದಪ್ಪಕ್ಕೆ ಥ್ರೆಡ್ ಒಳಗೆ ಹೋಗಿದ್ದರೆ ಎಕ್ಸ್‌ಟೆನ್ಷನ್ ನಿಪ್ಪಲ್ ಹಾಕಿಕೊಳ್ಳಬೇಕು. ವಾಲ್ ಮಿಕ್ಸರಿಗೆ ಗೋಡೆಯ ಎರಡು ಬಾಯಿಗಳ ನಡುವೆ 150 ಮಿ.ಮೀ. ಇರುವುದು ರೂಢಿ, ಸಣ್ಣ ವ್ಯತ್ಯಾಸವನ್ನು ಮಿಕ್ಸರಿನ ಡೊಂಕು ಲೆಗ್‌ಗಳು ಸರಿದೂಗಿಸುತ್ತವೆ.

ಪಿಲ್ಲರ್ ಕಾಕ್ ಬದಲಿಸುವಾಗ ಬೇಸಿನ್ನಿನ ಅಡಿಯಲ್ಲಿ ಮಲಗಿ ನಟ್ ತೆಗೆಯುವುದೇ ದೊಡ್ಡ ಕೆಲಸ. ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇರುವುದರಿಂದ ಅಲ್ಲಿಗೆ ಟೇಪ್ ಬೇಡ, ಕೈ ಬಿಗಿಯ ಮೇಲೆ ಕಾಲು ಸುತ್ತು ಸಾಕು. ಈ ಪೈಪ್ ಹಳೆಯದಾಗಿದ್ದರೆ ನಲ್ಲಿಯ ಜೊತೆಯಲ್ಲೇ ಬದಲಿಸಬೇಕು. ಹೊರಗಿನ ಉಕ್ಕಿನ ಹೆಣಿಗೆ ತುಕ್ಕು ಹಿಡಿದರೆ ಒಳಗಿನ ರಬ್ಬರ್ ಕೊಳವೆ ಒಂದು ದಿನ ಒಡೆಯುತ್ತದೆ, ಅದೂ ಮನೆಯಲ್ಲಿ ಯಾರೂ ಇಲ್ಲದಾಗ ಒಡೆದರೆ ಮನೆಯೆಲ್ಲ ನೀರು. ಹೊಸ ನಲ್ಲಿ ಹಾಕಿದ ಮೇಲೆ ಏರೇಟರ್ ತೆಗೆದಿಟ್ಟು ಕೆಲ ನಿಮಿಷ ನೀರು ಬಿಡಬೇಕು, ಕೆಲಸದಲ್ಲಿ ಬಿದ್ದ ಚೂರುಗಳು ಹೋಗುತ್ತವೆ. ಹಿತ್ತಾಳೆಯನ್ನು ಕಡೆಯಲು ಸುಲಭವಾಗಲೆಂದು ಅದಕ್ಕೆ ಸ್ವಲ್ಪ ಸೀಸ ಸೇರಿಸುವುದುಂಟು. ಹಾಗಾಗಿ ರಾತ್ರಿಯಿಡೀ ನಲ್ಲಿಯಲ್ಲಿ ನಿಂತ ಮೊದಲ ನೀರನ್ನು ಕುಡಿಯಲು ಹಿಡಿಯದಿರುವುದು ಒಳ್ಳೆಯದು.

ಹನಿಯ ಲೆಕ್ಕ

ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ 86,400 ಹನಿ. ಹತ್ತು ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 8 ಲೀಟರಿಗೂ ಹೆಚ್ಚು, ತಿಂಗಳಿಗೆ 250 ಲೀಟರ್ ದಾಟುತ್ತದೆ. ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿರುವುದು 55 ಲೀಟರ್. ನಾಲ್ಕು ಜನರ ಕುಟುಂಬದ ಒಂದು ದಿನದ ಪಾಲಿಗಿಂತ ಹೆಚ್ಚು ನೀರು ತಿಂಗಳಲ್ಲಿ ಒಂದು ವಾಷರಿನ ಸಂದಿನಲ್ಲಿ ಹೋಗುತ್ತದೆ. ಬೆಂಗಳೂರಿನಲ್ಲಿ ಆ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬಂದದ್ದು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಜಲಮಂಡಳಿ ವಾಣಿಜ್ಯ ಕಟ್ಟಡ, ಹೋಟೆಲ್, ಅಪಾರ್ಟ್‌ಮೆಂಟ್ ಮುಂತಾದ ಕಡೆಗಳ ಸಾರ್ವಜನಿಕ ಬಳಕೆಯ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ದಪ್ಪವಾಗಿ ತೋರಿಸುವ ಈ ಜಾಲರಿ ಹರಿವನ್ನು ಅರ್ಧಕ್ಕೂ ಕಡಿಮೆ ಮಾಡಬಲ್ಲದು. ಕೈ ತೊಳೆಯುವ ನಲ್ಲಿಗೆ ಅದು ಒಪ್ಪುತ್ತದೆ. ಬಕೆಟ್ ತುಂಬುವ ನಲ್ಲಿಗೆ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಬಕೆಟಿಗೆ ಬೇಕಾದ ನೀರು ಅಷ್ಟೇ.

ಮುಂಬೈಯಲ್ಲಿ ಲೇಖಕ, ವ್ಯಂಗ್ಯಚಿತ್ರಕಾರ ಆಬಿದ್ ಸುರ್ತಿ 2007ರಲ್ಲಿ ಡ್ರಾಪ್ ಡೆಡ್ ಫೌಂಡೇಶನ್ ಆರಂಭಿಸಿದರು. ಭಾನುವಾರಗಳಂದು ಒಬ್ಬ ಪ್ಲಂಬರನ್ನು ಕರೆದುಕೊಂಡು ಮೀರಾ ರೋಡಿನ ಮನೆಮನೆಗೆ ಹೋಗಿ ಸೋರುವ ನಲ್ಲಿಗಳನ್ನು ಪುಕ್ಕಟೆಯಾಗಿ ಸರಿಪಡಿಸಿಕೊಟ್ಟರು. ಅವರು ಮನೆಗಳಲ್ಲಿ ಕಂಡದ್ದು ಇದು: ಒಂದು ಸಣ್ಣ ಕೆಲಸಕ್ಕಾಗಿ ಪ್ಲಂಬರ್ ಬರುವುದಿಲ್ಲ, ಬಾರದೆ ನಲ್ಲಿ ಸೋರುತ್ತಲೇ ಇರುತ್ತದೆ.

ಪ್ಲಂಬರ್ ಕೆಲಸ ಕಲಿಸುವ ತರಬೇತಿ ಐಟಿಐಗಳಲ್ಲಿದೆ. ದೇಶದ ನಗರಗಳಲ್ಲಿ ಈ ಕೆಲಸದಲ್ಲಿರುವವರಲ್ಲಿ ಒಡಿಶಾದ ಕೇಂದ್ರಪಾಡಾ ಜಿಲ್ಲೆಯವರು ಬಹಳ. ಅಲ್ಲಿನ ಪಟ್ಟಾಮುಂಡೈ ಸುತ್ತಿನ ಹಳ್ಳಿಗಳಲ್ಲಿ ಕೆಲಸ ಅಪ್ಪನಿಂದ ಮಗನಿಗೆ ಬರುತ್ತದೆ, ಒಂದು ಸರ್ಕಾರಿ ಪ್ಲಂಬಿಂಗ್ ತರಬೇತಿ ಸಂಸ್ಥೆಯೂ ಅಲ್ಲಿದೆ. ಗೋಡೆಯೊಳಗಿನ ಸೋರಿಕೆ, ಥ್ರೆಡ್ಡಿನಲ್ಲೇ ಮುರಿದು ಉಳಿದ ನಿಪ್ಪಲ್, ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ, ಗೋಡೆಯಲ್ಲಿ ಹುದುಗಿದ ಡೈವರ್ಟರ್ ಇವು ಅಂಥ ಪಳಗಿದ ಕೈಗೇ ಬಿಡಬೇಕಾದ ಕೆಲಸಗಳು. ವಾಷರ್, ಏರೇಟರ್, ಕಾರ್ಟ್ರಿಜ್ ಮತ್ತು ಸಾದಾ ಬಿಬ್ ಕಾಕ್ ಬದಲಿಸುವುದು ಮನೆಯವರೇ ಮಾಡಿಕೊಳ್ಳಬಹುದಾದದ್ದು. ಬದಲಿಸಿದ ಹಳೆಯ ನಲ್ಲಿಯನ್ನು ಕಸಕ್ಕೆ ಎಸೆಯಬಾರದು. ಗುಜರಿಯಲ್ಲಿ ಹಿತ್ತಾಳೆಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಬೆಲೆಯಿದೆ. ಗುಜರಾತಿನ ಜಾಮ್‌ನಗರದಂಥ ಊರುಗಳ ಕುಲುಮೆಗಳು ನಡೆಯುವುದು ಬಹುಮಟ್ಟಿಗೆ ಇಂಥ ಹಳೆ ಹಿತ್ತಾಳೆಯಿಂದಲೇ.